ಅಂಗಾಲಿಗೆ ಹಚ್ಚದ ಕ್ರೀಮು

ಲ್ಯಾನ್‌ಹ್ಯಾಮ್

ಎರಡು ಸಾವಿರದ ಇಪ್ಪತ್ತಮೂರನೆಯ ಇಸವಿ, ಜೂನ್ ತಿಂಗಳ ಒಂದು ಶನಿವಾರ, ಬೆಳಗಿನ ಅಲಂಕಾರ ಮುಗಿದು ಪರದೆ ಸರಿದ ಹೊತ್ತಿನಲ್ಲಿ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಲ್ಯಾನ್‌ಹ್ಯಾಮ್ ಎಂಬ ಊರಿನ ದೇವಸ್ಥಾನದೊಳಗೆ, ವೆಂಕಟೇಶ್ವರನ ಗುಡಿಗೆ ಎದುರಾಗಿ, ಕಟಕಟೆಯಿಂದ ಒಂದು ಆಳುದ್ದ ಹಿಂದೆ ನಾನು ನಿಂತಿದ್ದೆ. ನಿಂತಿದ್ದೆ ಎಂದು ಬರೆದದ್ದು ತಪ್ಪಾಯಿತು. ನಾನು ಮಲಗಿದ್ದೆ, ಬೋರಲಾಗಿ.

ಇಷ್ಟು ನಿಖರವಾಗಿ ಹೇಳುವುದಕ್ಕೆ ಕಾರಣವಿದೆ. ಈ ಸಂಗತಿ ನಮ್ಮ ನೆಂಟರ ಬಾಯಿಗೆ ಬಿದ್ದು ಬೇರೆ ಬೇರೆ ರೂಪ ಪಡೆದಿದೆ. ಒಂದರಲ್ಲಿ ನಾನು ಗುಡಿಯಲ್ಲಿ ಎಚ್ಚರ ತಪ್ಪಿ ಬಿದ್ದೆ. ಇನ್ನೊಂದರಲ್ಲಿ ದೇವರು ಒಬ್ಬ ಹೆಂಗಸಿನ ಮೈಮೇಲೆ ಬಂದು ನನ್ನ ಕಾಲು ಹಿಡಿದ. ಎರಡೂ ಸುಳ್ಳು. ನಾನು ಬಿದ್ದಿರಲಿಲ್ಲ, ಸಾಷ್ಟಾಂಗ ನಮಸ್ಕಾರ ಹಾಕಿದ್ದೆ. ಕಾಲು ಹಿಡಿದವರು ಚರ್ಮದ ಡಾಕ್ಟರು.

ನಾನು ಬಾಗಲಕೋಟೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿ ನಿವೃತ್ತನಾದವನು. ಮೂವತ್ತು ವರ್ಷಕ್ಕೂ ಮೇಲೆ ಕೊರಳಲ್ಲಿ ಸೀಟಿ ಹಾಕಿಕೊಂಡು ಬಯಲಿನಲ್ಲಿ ನಿಂತು, ಮಕ್ಕಳಿಗೆ ಬೆನ್ನು ನೇರ ಮಾಡಿಸಿದವನು. ಆ ದಿನ ಗುಡಿಯಲ್ಲಿ ಸುತ್ತಲೂ ನೋಡಿದೆ. ಕೆಲವರು ಕೈ ಮುಗಿದು ಕಣ್ಣು ಮುಚ್ಚಿದ್ದರು. ಜೀನ್ಸ್ ಹಾಕಿದ ಹುಡುಗರು ಮಂಡಿಯೂರಿ, ಹಣೆಯನ್ನು ನೆಲಕ್ಕೆ ಮುಟ್ಟಿಸಿದಂತೆ ಮಾಡಿ ಎದ್ದರು. ಇವರಿಗೆಲ್ಲ ಒಮ್ಮೆ ಸರಿಯಾದ ನಮಸ್ಕಾರ ಹೇಗಿರುತ್ತದೆಂದು ತೋರಿಸಬೇಕು ಅನ್ನಿಸಿತು. ಹಣೆ, ಎದೆ, ಅಂಗೈ, ಮಂಡಿ ಎಲ್ಲ ನೆಲಕ್ಕೆ. ಕಾಲ್ಬೆರಳು ಊರಿ, ಅಂಗಾಲು ಹಿಂದಕ್ಕೆ. ದೇವರಿಗೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಹಾಗಿದ್ದೆ.

ಹಿಂದಿನಿಂದ ಒಬ್ಬ ಹೆಣ್ಣುಮಗಳ ದನಿ ಬಂತು. "ಅಂಕಲ್, ಏಳಬ್ಯಾಡ್ರಿ. ಒಂದ್ ನಿಮಿಷ ಹಂಗ ಇರ್ರಿ."

ಕನ್ನಡ, ಅದೂ ನಮ್ಮ ಕಡೆಯದು. ನನ್ನ ನಮಸ್ಕಾರ ನೋಡಿ ಯಾರೋ ಬೆರಗಾಗಿದ್ದಾರೆ, ಫೋಟೋ ತೆಗೆಯುತ್ತಾರೆ ಎಂದುಕೊಂಡೆ. ಮಂಡಿಯನ್ನು ಇನ್ನಷ್ಟು ಬಿಗಿ ಮಾಡಿದೆ. ಆಮೇಲೆ ನನ್ನ ಎಡ ಹಿಮ್ಮಡಿಯ ಮೇಲೆ ಒಂದು ಬೆರಳು ತಾಗಿತು. ಪಾದ ಮುಟ್ಟಿ ನಮಸ್ಕಾರ ಮಾಡುತ್ತಿದ್ದಾರೆ ಎಂದು ತಿಳಿದು, ಮುಖವನ್ನು ನೆಲಕ್ಕಿಟ್ಟುಕೊಂಡೇ "ಒಳ್ಳೇದಾಗಲಿ" ಎಂದು ಹರಸಿದೆ.

"ಈ ಕಲೆ ಎಷ್ಟ್ ದಿವಸದ್ದು ಅಂಕಲ್?"

ಉತ್ತರ ಕೊಟ್ಟವಳು ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ಗಿರಿಜಾ. "ಅದು ಚಪ್ಪಲಿ ಬಣ್ಣರೀ. ಕೊಲ್ಹಾಪುರಿ ಚಪ್ಪಲಿ ಹಾಕ್ತಾರಲಾ. ಕಲ್ಲು ತಗೊಂಡು ಎಷ್ಟ್ ತಿಕ್ಕೇನಿ, ಹೋಗವಲ್ದು."

"ತಿಕ್ಕಿದ್ರ ಹೋಗೂ ಬಣ್ಣ ಅಲ್ರೀ ಆಂಟಿ ಇದು."

ನನ್ನ ಅಣ್ಣನ ಮೊಮ್ಮಗಳು ಅನ್ವಿ, ಒಂಬತ್ತು ವರ್ಷದವಳು, ಬಗ್ಗಿ ನೋಡಿ ತನ್ನ ಅಮೆರಿಕದ ಕನ್ನಡದಲ್ಲಿ ಹೇಳಿದಳು: "ಅಜ್ಜನ ಕಾಲಲ್ಲಿ ಇಂಕ್ ಇದೆ."

ಎದ್ದು ಕೂತೆ. ನಲವತ್ತರ ಆಸುಪಾಸಿನ ಹೆಣ್ಣುಮಗಳು, ರೇಷ್ಮೆ ಸೀರೆ, ಕೈಯಲ್ಲಿ ತೀರ್ಥದ ಒದ್ದೆ. ಹೆಸರು ಸುಷ್ಮಾ. ತವರು ಹುಬ್ಬಳ್ಳಿ. ನಾರ್ತ್ ಕೆರೊಲಿನಾದ ಕ್ಯಾರಿ ಎಂಬಲ್ಲಿ ಚರ್ಮರೋಗದ ಡಾಕ್ಟರು, ರಜೆಗೆಂದು ಈ ಕಡೆ ಬಂದವರು. ನಮ್ಮನ್ನು ಕೆಳಗಿನ ಊಟದ ಮನೆಗೆ ಕರೆದುಕೊಂಡು ಹೋಗಿ, ಕಿಟಕಿಯ ಬೆಳಕಿಗೆ ನನ್ನ ಕಾಲು ಎತ್ತಿ ಹಿಡಿಸಿ, ಫೋನಿನ ಲೈಟು ಹಾಕಿ ನೋಡಿದರು. ಪಕ್ಕದ ಮೇಜಿನ ತಮಿಳು ಸಂಸಾರ ಪುಳಿಯೋಗರೆ ತಿನ್ನುವುದನ್ನು ನಿಲ್ಲಿಸಿ ನನ್ನ ಅಂಗಾಲನ್ನು ನೋಡಿತು. ಮೂವತ್ತು ವರ್ಷದಲ್ಲಿ ಎಷ್ಟೋ ಮಕ್ಕಳು ನನ್ನ ಪಾದ ಮುಟ್ಟಿದ್ದಾರೆ. ಅಂಗಾಲನ್ನು ಮಾತ್ರ ಅವರ್ಯಾರೂ ನೋಡಿರಲಿಲ್ಲ.

"ಹೆದರಸೂದಿಲ್ರಿ," ಎಂದರು ಸುಷ್ಮಾ. "ಆದ್ರ ಇದನ್ನ ಹಿಂಗ ಬಿಡೂಹಂಗಿಲ್ಲ. ಒಂದ್ ಚೂರು ತಗದು ಟೆಸ್ಟ್ ಮಾಡಬೇಕು. ಮೆಲನೋಮಾ ಇರಬಹುದು. ಇರಲಿಕ್ಕೂ ಇಲ್ಲ."

ಮೆಲನೋಮಾ ಎಂದರೆ ಏನೆಂದು ಗಿರಿಜಾ ಕೇಳಲಿಲ್ಲ. ನಮ್ಮನ್ನು ಕರೆತಂದಿದ್ದ ಅಣ್ಣನ ಮಗಳು ವಿದ್ಯಾಳ ಮುಖ ನೋಡಿದಳು. ವಿದ್ಯಾ ಚಮಚವನ್ನು ತಟ್ಟೆಯಲ್ಲಿಟ್ಟು ಮೆಲ್ಲಗೆ ಹೇಳಿದಳು: "ಚರ್ಮದ ಕ್ಯಾನ್ಸರ್, ಕಾಕೂ."

ಮುಂದಿನ ವಾರ ನಾವು ಹೇಗೂ ಕ್ಯಾರಿಗೇ ಹೋಗುವವರಿದ್ದೆವು, ನನ್ನ ಹಳೆಯ ಸಹಪಾಠಿಯ ಮನೆಗೆ. "ಹಂಗಾದ್ರ ನನ್ನ ಕ್ಲಿನಿಕ್ಕಿಗೇ ಬರ್ರಿ," ಎಂದು ಸುಷ್ಮಾ ತಮ್ಮ ನಂಬರನ್ನು ವಿದ್ಯಾಳ ಫೋನಿಗೆ ಹಾಕಿದರು. ಹೊರಡುವಾಗ ನನ್ನ ಪಾದ ಮುಟ್ಟಿ ನಮಸ್ಕಾರ ಮಾಡಿದರು. ಈ ಸಲ ಹರಸುವುದು ನೆನಪಾಗಲಿಲ್ಲ.

ಹರ್ನ್‌ಡನ್

ವಿದ್ಯಾಳ ಮನೆ ವರ್ಜೀನಿಯಾದ ಹರ್ನ್‌ಡನ್‌ನಲ್ಲಿದೆ. ಒಂದಕ್ಕೊಂದು ಅಂಟಿಕೊಂಡ ಸಾಲು ಮನೆಗಳು. ತಲೆಯ ಮೇಲೆ ವಿಮಾನ ಇಳಿಯುವ ಸದ್ದು ನಿಲ್ಲುವುದಿಲ್ಲ. ಆ ಮನೆಯಲ್ಲಿ ಹೊಸ್ತಿಲು ದಾಟುವ ಮೊದಲು ಒಂದು ವಿಧಿ ನಡೆಯುತ್ತದೆ. ಬಾಗಿಲ ಪಕ್ಕದ ಬುಟ್ಟಿಯಿಂದ ಸನ್‌ಸ್ಕ್ರೀನ್ ಟ್ಯೂಬು ಹೊರಬರುತ್ತದೆ, ಎಲ್ಲರೂ ಸಾಲಾಗಿ ನಿಂತು ಮುಖ ಒಡ್ಡುತ್ತಾರೆ. ವಿದ್ಯಾಳ ಗಂಡ ಕಿರಣ ಮೈಸೂರಿನವನು, ಸಾಧು. ಅವನೂ ಕಣ್ಣು ಮುಚ್ಚಿ ನಿಲ್ಲುತ್ತಾನೆ.

ನಾವು ಬಂದ ಮರುದಿನವೇ ನನ್ನನ್ನೂ ಆ ಸಾಲಿಗೆ ಕರೆದರು. ನಾನು ನಕ್ಕೆ. "ಸೂರ್ಯಗ ಮತ್ತ ನನಗ ಮೂವತ್ತು ವರ್ಷದ ಪರಿಚಯ ಐತಿ. ಬಾಗಲಕೋಟಿ ಬಿಸಿಲಿಗೆ ಆಗದ್ದು ಇಲ್ಲಿ ಬಿಸಿಲಿಗೆ ಆಗ್ತದೇನು?"

"ಕಾಕಾ, ಇಲ್ಲಿ ಯುವಿ ಇಂಡೆಕ್ಸ್ ಅಂತ ಇರ್ತದ. ಹಚ್ಕೋರಿ, ಏನಾಗ್ತದ?"

"ಏನಾಗ್ತದ ಅಂದ್ರ, ಇದನ್ನ ನೋಡು," ಎಂದು ನಾನು ಫೋನು ತೆಗೆದೆ. ನಮ್ಮ ನಿವೃತ್ತ ಶಿಕ್ಷಕರ ವಾಟ್ಸಪ್ ಗುಂಪಿನಲ್ಲಿ ಬಂದು, ನಾನೇ ಇತರ ಎಲ್ಲ ಗುಂಪುಗಳಿಗೆ ಕಳಿಸಿದ್ದ ವಿಡಿಯೋ. ಬಿಳಿ ಕೋಟಿನವನೊಬ್ಬ, ಕ್ರೀಮು ರಕ್ತಕ್ಕೆ ಸೇರಿ ಅದೇ ಕ್ಯಾನ್ಸರ್ ತರುತ್ತದೆ ಎಂದು ಬೆರಳೆತ್ತಿ ಹೇಳುತ್ತಿದ್ದ.

"ಅವ ಡಾಕ್ಟರ್ ಹೌದೋ ಅಲ್ಲೋ ನೋಡಿದ್ರೇನ್ ಕಾಕಾ?"

"ಕೋಟ್ ಹಾಕ್ಯಾನ."

"ನಮ್ಮ ಆಫೀಸ್ ಕ್ಯಾಂಟೀನ್ ಅಡಿಗಿಯವ್ರೂ ಬಿಳಿ ಕೋಟ್ ಹಾಕ್ತಾರ."

ಕಿರಣ ಕಣ್ಣು ಮುಚ್ಚಿಕೊಂಡೇ ನಕ್ಕ. ಗಿರಿಜಾ ಮಾತ್ರ ಆ ವಾರ ದಿನಾ ಹಚ್ಚಿಕೊಂಡಳು. ತಣ್ಣಗಿರುತ್ತದೆ, ವಾಸನೆ ಚೆನ್ನಾಗಿದೆ ಎಂಬುದಷ್ಟೇ ಅವಳ ಕಾರಣ. ನಾನು ಅವಳ ಮುಖ ನೋಡಿ "ಭಸ್ಮಧಾರಿಣಿ" ಎಂದು ಕರೆಯುತ್ತಿದ್ದೆ.

ಲ್ಯಾನ್‌ಹ್ಯಾಮ್‌ನಿಂದ ವಾಪಸಾದ ಆ ಶನಿವಾರ ಸಂಜೆ ನಾನು ಮತ ಬದಲಿಸಿದೆ. ಯಾರೂ ನೋಡದಾಗ ಬುಟ್ಟಿಯಿಂದ ಟ್ಯೂಬು ಎತ್ತಿಕೊಂಡು ಮಹಡಿಯ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಣೆಗೆ, ಕಿವಿಗೆ, ಕುತ್ತಿಗೆಗೆ, ಬೆನ್ನಿಗೆ ಕೈ ಎಟುಕಿದಷ್ಟು. ಕೊನೆಗೆ ಕಮೋಡಿನ ಮುಚ್ಚಳದ ಮೇಲೆ ಕೂತು ಎರಡೂ ಅಂಗಾಲಿಗೆ, ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ, ದಪ್ಪಗೆ. ಎಡ ಹಿಮ್ಮಡಿಗೆ ಎರಡು ಸಲ. ಅಲ್ಲಿಯೂ ನಾನು ಆ ಕಲೆಯನ್ನು ಕಾಣಲಿಲ್ಲ, ಕೈಯಂದಾಜಿನಲ್ಲಿ ಹಚ್ಚಿದೆ. ಇದಕ್ಕೊಂದು ವಿವರಣೆ ಕೊಡಬೇಕು. ದಿನಾ ಪದ್ಮಾಸನ ಹಾಕುವವನಿಗೆ ತನ್ನ ಅಂಗಾಲು ದಿನಾ ಕಾಣುತ್ತದೆ. ನಾನು ದಿನಾ ಪದ್ಮಾಸನ ಹಾಕುತ್ತೇನೆ ಎಂದು ಊರಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೇನೆ. ಮಂಡಿ ಒಪ್ಪದೆ ಅದನ್ನು ಬಿಟ್ಟು ಬಹಳ ವರ್ಷಗಳಾದವು.

ಬಾಗಿಲು ತೆಗೆದು ಮರದ ಮೆಟ್ಟಿಲಿಗೆ ಕಾಲಿಟ್ಟೆ. ಮುಂದಿನದು ನಡಿಗೆಯಲ್ಲ. ಪೃಷ್ಠದ ಮೇಲೆ ಕೂತು ಕೊನೆಯ ಮೆಟ್ಟಿಲಿನವರೆಗೆ ಬಂದೆ, ಪ್ರತಿ ಮೆಟ್ಟಿಲೂ ತನ್ನ ಪಾಲಿನ ಸದ್ದು ಮಾಡಿತು. ಎಲ್ಲರೂ ಓಡಿ ಬಂದರು. ಮೂಳೆ ಮುರಿದಿರಲಿಲ್ಲ. ಮೆಟ್ಟಿಲ ಮೇಲೆ ಬಿಳಿ ಗೆರೆ ಮೂಡಿತ್ತು.

ಅನ್ವಿ ನನ್ನ ಕಾಲು ನೋಡಿ ಗಂಭೀರವಾಗಿ ಹೇಳಿದಳು: "ಅಜ್ಜ, ಅಲ್ಲಿ ಹಾಕೋದಲ್ಲ. ಸನ್ ಅಲ್ಲಿಗೆ ಬರಲ್ಲ."

ವಿದ್ಯಾ, ಕಿರಣ ಇಬ್ಬರೂ ನಗು ತಡೆಯಲು ಗೋಡೆಯ ಕಡೆ ತಿರುಗಿದರು. ಗಿರಿಜಾ ನಗಲಿಲ್ಲ. ಟವೆಲು ತಂದು ಕೊನೆಯ ಮೆಟ್ಟಿಲಲ್ಲಿ ಕೂತು ನನ್ನ ಅಂಗಾಲು ಒರೆಸತೊಡಗಿದಳು. ಬಲಗಾಲು ಮುಗಿಸಿದಳು. ಎಡಗಾಲಿನ ಹಿಮ್ಮಡಿಗೆ ಬಂದಾಗ ಕೈ ನಿಂತಿತು.

"ನಾ ತಿಕ್ಕಬಾರದಿತ್ತೇನ್ರೀ?"

ಎಷ್ಟು ಭಾನುವಾರ ನೀರೊಲೆಯ ಪಕ್ಕ ಕೂತು ಅವಳು ಕಲ್ಲಿನಿಂದ ಅಲ್ಲಿ ಉಜ್ಜಿದ್ದಾಳೋ. ನಾನೇ "ಜೋರಾಗಿ ತಿಕ್ಕು" ಎನ್ನುತ್ತಿದ್ದೆ.

ಕ್ಯಾರಿ

ದಕ್ಷಿಣಕ್ಕೆ ಒಂದು ಹಗಲಿನ ಕಾರು ದಾರಿ. ಎರಡೂ ಬದಿಗೆ ಪೈನ್ ಮರಗಳ ಗೋಡೆ. ನಮ್ಮ ಕಡೆಯ ಹಾಗೆ ದೂರದ ದಿಗಂತ ಕಾಣುವುದೇ ಇಲ್ಲ. ಹಸಿರು ಜೈಲಿನಲ್ಲಿ ಹೋದಂತಾಯಿತು. ಕ್ಯಾರಿಯಲ್ಲಿ ನನ್ನ ಸಹಪಾಠಿ ಮಲ್ಲಣ್ಣ ಕಾದಿದ್ದ. ಬಾಗಲಕೋಟೆಯ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ಸಿವಿಲ್ ಇಂಜಿನಿಯರ್ ಆಗಿ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ಬಡಾವಣೆಯ ಸುತ್ತ ರಸ್ತೆ ಹಾಕಿಸುತ್ತ ಇಲ್ಲೇ ನಿಂತುಬಿಟ್ಟ.

"ಏನಪಾ ಮಾಸ್ತರ, ಅಮೆರಿಕಾ ನೋಡಾಕ ಬಂದು ಕಾಲು ತೋರಸಾಕತ್ತೀಯಂತ?" ಎಂದು ತಬ್ಬಿಕೊಂಡ. ಆಮೇಲೆ ಬಹಳ ಹೊತ್ತು ಬಿಡಲಿಲ್ಲ. ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು.

ಡಾಕ್ಟರ್ ಸುಷ್ಮಾ ಕ್ಲಿನಿಕ್ಕಿನಲ್ಲಿ ಬೇರೆ ಮನುಷ್ಯರಾಗಿದ್ದರು. ನನ್ನನ್ನು ಮತ್ತೆ ಬೋರಲು ಮಲಗಿಸಿ, ಬೆಳಕಿರುವ ಸಣ್ಣ ಭೂತಗನ್ನಡಿಯನ್ನು ಹಿಮ್ಮಡಿಗೆ ಒತ್ತಿ ಹಿಡಿದು ಮಾತಿಲ್ಲದೆ ನೋಡಿದರು. ಪಕ್ಕದಲ್ಲಿ ನಿಂತಿದ್ದ ಮಲ್ಲಣ್ಣನಿಗೂ ತೋರಿಸಿದರು. ಅವನು "ನಕಾಶೆ ಇದ್ದಂಗ ಐತಲ್ಲ" ಎಂದ. ಅಂಚು ಎಲ್ಲ ಕಡೆ ಒಂದೇ ಸಮ ಇಲ್ಲದಿರುವುದೇ ತಮಗೆ ಸಂಶಯ ಎಂದರು ಡಾಕ್ಟರು.

ಮರಗಟ್ಟಿಸಲು ಹಿಮ್ಮಡಿಗೆ ಸೂಜಿ ಚುಚ್ಚಿದರು. ಓಟದಲ್ಲಿ ಬಿದ್ದ ಮಕ್ಕಳಿಗೆ ನಾನು ಸದಾ ಹೇಳುತ್ತಿದ್ದ ಮಾತೊಂದಿದೆ: ನೋವು ಮನಸ್ಸಿನಲ್ಲಿರುತ್ತದೆ. ಈ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ. ನಾನು ಮಾಡಿದ ಸದ್ದಿಗೆ ಹೊರಗಿನ ನರ್ಸು ಬಾಗಿಲು ತೆರೆದು ನೋಡಿ ಹೋದಳು.

ಚೂರು ತೆಗೆದು ಪಟ್ಟಿ ಕಟ್ಟುತ್ತಿದ್ದಾಗ ಗಿರಿಜಾ ಕೇಳಿದಳು: "ನಾ ತಿಕ್ಕಿದ್ದಕ್ಕ ಬಂತೇನ್ರೀ ಡಾಕ್ಟ್ರ?"

"ಇಲ್ರೀ ಆಂಟಿ. ತಿಕ್ಕಿದ್ದಕ್ಕ ಇದು ಬರೂದಿಲ್ಲ. ಖರೇ ಹೇಳಬೇಕಂದ್ರ ಇದನ್ನ ಮೊದಲ ನೋಡಿದವ್ರು ನೀವ."

ಗಿರಿಜಾ ಸೆರಗು ಸರಿಪಡಿಸಿಕೊಂಡು ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಇಳಿದದ್ದನ್ನು ನಾನು ಮಂಚದಿಂದಲೇ ನೋಡಿದೆ. ಆ ವಾರವೆಲ್ಲ ಅವಳ ಭುಜ ಅಷ್ಟು ಎತ್ತರದಲ್ಲಿತ್ತು ಎಂಬುದು ಆಗ ತಿಳಿಯಿತು. ಬೆನ್ನು ನೋಡುವುದೇ ನನ್ನ ಉದ್ಯೋಗವಾಗಿತ್ತು ಎಂದು ಹೇಳಿಕೊಳ್ಳುವವನು ನಾನು.

ನಾನೂ ಕೇಳಿದೆ, ಬೋರಲು ಮಲಗಿಯೇ. "ಮೊದಲಿಂದ ಆ ಕ್ರೀಮು ಹಚ್ಚಿದ್ದರ ಇದು ಬರ್ತಿರಲಿಲ್ಲೇನು?"

"ಇದು ಬರ್ತಿತ್ತು ಅಂಕಲ್. ಅಂಗಾಲಿಗೆ ಬಿಸಿಲಿನ ಸಂಬಂಧ ಇಲ್ಲ. ಬಿಳೀ ಚರ್ಮದವ್ರು ದಿನಾ ಸನ್‌ಸ್ಕ್ರೀನ್ ಹಚ್ಚಿದ್ರ ಸ್ಕಿನ್ ಕ್ಯಾನ್ಸರ್ ಕಡಿಮಿ ಆಗ್ತದ, ಅದರಾಗ ಅನುಮಾನ ಇಲ್ಲ. ನಮ್ಮಂಥವ್ರಿಗೆ ಬಿಸಿಲಿಂದ ಬರೂದು ಮೊದಲ ಕಡಿಮಿ. ಬಂದ್ರ ಹಿಂಗ, ಅಂಗಾಲು, ಅಂಗೈ, ಉಗುರಿನ ಕೆಳಗ. ಅದಕ್ಕ ಔಷಧ ಒಂದ. ನೋಡೂದು."

"ಮತ್ತ ಅದು ರಕ್ತಕ್ಕ ಸೇರ್ತದ ಅಂತಾರಲಾ?" ವಿಡಿಯೋದ ಸಂಗತಿಯನ್ನು ನಾನು ಯಾರದೋ ಮಾತೆಂಬಂತೆ ಕೇಳಿದೆ.

"ಕೆಲವು ಸ್ವಲ್ಪ ಸೇರ್ತಾವ, ಅದು ಖರೆ. ಸೇರಿದ್ದಕ್ಕ ಕೆಟ್ಟದ್ದಾಗೇದ ಅಂತ ಇನ್ನೂ ಯಾರೂ ತೋರಿಸಿಲ್ಲ, ನೋಡಾಕತ್ತಾರ. ಎರಡು ವರ್ಷದ ಹಿಂದ ಕೆಲವು ಸ್ಪ್ರೇ ಡಬ್ಬಿ ಅಂಗಡಿಯಿಂದ ವಾಪಸ್ ತಗೊಂಡ್ರು, ಅದರಾಗ ಕ್ಯಾನ್ಸರ್ ತರೂ ಬೆಂಜೀನ್ ಕೂಡಿತ್ತು. ಅದು ಕಲಬೆರಕಿ. ಹಾಲಿನಾಗ ಕಲಬೆರಕಿ ಆದ್ರ ಆ ಹಾಲು ಚೆಲ್ತೀವಿ, ಎಮ್ಮಿ ಮಾರ್ತೀವೇನ್ರಿ? ಸಂಶಯ ಇದ್ರ ಜಿಂಕ್ ಇದ್ದದ್ದು ಹಚ್ಕೋರಿ. ಅದು ಚರ್ಮದ ಮ್ಯಾಲ ಕೂತು ಬಿಸಿಲು ತಡೀತದ."

ಫಲಿತಾಂಶಕ್ಕೆ ಒಂದು ವಾರ, ಹತ್ತು ದಿನ ಬೇಕು ಎಂದರು. ಅಷ್ಟರವರೆಗೆ ಪ್ರವಾಸ ನಿಲ್ಲಿಸಬೇಡಿ, ಕಾಲಿಗೆ ಮಾತ್ರ ನೀರು ತಾಗಿಸಬೇಡಿ ಎಂದರು.

ಕಡಲ ದಂಡೆ

ನೀರು ತಾಗಿಸಬೇಡಿ ಎನ್ನಿಸಿಕೊಂಡ ನಮ್ಮನ್ನು ಮಲ್ಲಣ್ಣ ಕಡಲಿಗೇ ಕರೆದುಕೊಂಡು ಹೋದ. ಮೊದಲೇ ಗೊತ್ತು ಮಾಡಿದ್ದನಂತೆ. ಜೊತೆಗೆ ಅವನ ನೆರೆಮನೆಯ ಡೇಲ್ ಬಂದರು. ಎಪ್ಪತ್ತು ದಾಟಿದ ಎತ್ತರದ ಮನುಷ್ಯ, ಬಿಳಿ ಹುಬ್ಬು, ಅಗಲ ಅಂಚಿನ ಹ್ಯಾಟು. ಹ್ಯಾಟಿನ ಕೆಳಗೆ ಬಲಗಿವಿಯ ಮೇಲ್ಭಾಗ ಇರಲಿಲ್ಲ. ಮೂಗಿನ ಮೇಲೆ ಹೊಲಿದ ಗುರುತು.

ನಮ್ಮೂರಲ್ಲಿ ಬಸ್ಸು ಹತ್ತಿದವನು ಮೊದಲು ಯೋಚಿಸುವುದು ಯಾವ ಕಡೆ ನೆರಳು ಬರುತ್ತದೆ ಎಂದು. ಗೋಡೆಯ ನೆರಳು ಒಂದು ಮೊಳವಿದ್ದರೂ ಅದರೊಳಗೇ ನಡೆಯುತ್ತೇವೆ. ಇಲ್ಲಿ ಕಣ್ಣಿಗೆ ಕಾಣುವಷ್ಟು ದೂರ ಜನ ದುಡಿದು ಗಳಿಸಿದ ರಜೆಯನ್ನು ಬಿಸಿಲಿಗೆ ಹಾಸಿಕೊಂಡು ಮಲಗಿದ್ದರು. ಒಂದು ಬದಿ ಆದ ಮೇಲೆ ಇನ್ನೊಂದು ಬದಿ, ಹಪ್ಪಳ ಒಣಗಿಸಿದ ಹಾಗೆ. ಅವರ ನಡುವೆ ಕೊಡೆಯ ಕೆಳಗೆ ಕುರ್ಚಿಯಲ್ಲಿ ನಾನು. ಎಡಗಾಲಿಗೆ ದಿನಸಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರ ಬಾಯಿಗೆ ರಬ್ಬರ್ ಬ್ಯಾಂಡು. ಮುಖಕ್ಕೆ ಜಿಂಕ್ ಕ್ರೀಮು, ಅದು ನನ್ನ ಬಣ್ಣದ ಮೇಲೆ ಬೂದಿಯಾಗಿ ನಿಂತಿತ್ತು. ಒಂದು ಮಗು ನನ್ನನ್ನು ನೋಡಿ ತಾಯಿಯ ಹಿಂದೆ ಅಡಗಿಕೊಂಡಿತು. ಗಿರಿಜಾ ಒಂದು ವಾರದ ನಂತರ ಮೊದಲ ಬಾರಿ ನಕ್ಕಳು. "ಭಸ್ಮಧಾರಿ," ಎಂದಳು.

ನನ್ನ ಇಂಗ್ಲಿಷು ಅಟೆನ್ಷನ್, ಸ್ಟ್ಯಾಂಡ್ ಅಟ್ ಈಸ್ ಇವುಗಳಾಚೆ ಹೆಚ್ಚು ಹೋಗುವುದಿಲ್ಲ. ಮಲ್ಲಣ್ಣ ನಡುವೆ ಕೂತು ಎರಡೂ ಕಡೆ ಮಾತು ದಾಟಿಸಿದ. ಚಿಕ್ಕಂದಿನಲ್ಲಿ ಇದೇ ದಂಡೆಯಲ್ಲಿ ತಾವು ಮೈಗೆ ಕೂಸುಗಳಿಗೆ ಹಚ್ಚುವ ಎಣ್ಣೆ ಸವರಿಕೊಂಡು ಮಲಗುತ್ತಿದ್ದುದನ್ನು ಡೇಲ್ ಹೇಳಿದರು. ಮೈ ಬೇಗ ಕಂದು ಬಣ್ಣವಾಗಲಿ ಎಂದು. ಹೇಳುತ್ತಲೇ ಟ್ಯೂಬು ತೆಗೆದು ಉಳಿದ ಅರ್ಧ ಕಿವಿಗೆ ನಿಧಾನವಾಗಿ ಹಚ್ಚಿಕೊಂಡರು, ಕಿವಿಯ ಹಿಂದೆಯೂ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹಚ್ಚಿಕೊಂಡರು.

"ಇವರಿಗೆ ಇನ್ನೂ ಯಾಕ ಬೇಕಂತ ಕೇಳು," ಎಂದೆ ಮಲ್ಲಣ್ಣನಿಗೆ. ಕೇಳಬಾರದಿತ್ತು. ಅವನು ಕೇಳಿಬಿಟ್ಟ.

ಡೇಲ್‌ಗೆ ಬೇಸರವಾಗಲಿಲ್ಲ. ತಡವಾಗಿ ಕಲಿತದ್ದನ್ನು ಬಿಡುವುದು ಕಷ್ಟ ಎಂದರು. ಆಮೇಲೆ ಹೇಳಿದ್ದನ್ನು ಮಲ್ಲಣ್ಣ ಒಂದೊಂದೇ ವಾಕ್ಯವಾಗಿ ಕನ್ನಡಕ್ಕೆ ತಂದ. "ಕಿವಿ ಮೇಲಿನ ಚುಕ್ಕಿ ಮೊದಲು ನೋಡಿದವನು ನನ್ನ ಕ್ಷೌರದವನು. ಡಾಕ್ಟರಿಗೆ ತೋರಿಸು ಅಂದ. ನಾನು ನಕ್ಕೆ. ಮುಂದಿನ ತಿಂಗಳು ಮತ್ತೆ ಅಂದ. ನಾನು ಕ್ಷೌರದವನನ್ನೇ ಬದಲಾಯಿಸಿದೆ."

ಅಷ್ಟರಲ್ಲಿ ಚೀಲದೊಳಗೆ ಮರಳು ಹೊಕ್ಕಿತ್ತು. ಗಿರಿಜಾ ಚೀಲ ಬಿಚ್ಚಿ, ಪಟ್ಟಿ ತೆಗೆದು ಹೊಸದು ಹಾಕಲು ಕೂತಳು. ಡೇಲ್ ಅನುಮತಿ ಕೇಳುವವರಂತೆ ನನ್ನ ಮುಖ ನೋಡಿದರು, ನಾನು ತಲೆ ಆಡಿಸಿದೆ. ಹ್ಯಾಟು ತೆಗೆದು ಮರಳಿನ ಮೇಲಿಟ್ಟು, ಬಗ್ಗಿ, ಸಣ್ಣ ಗಾಯದ ಸುತ್ತ ಉಳಿದಿದ್ದ ಕಪ್ಪನ್ನು ನೋಡಿದರು.

"ಇದನ್ನು ಯಾರು ನೋಡಿದ್ದು?" ಎಂದು ಕೇಳಿದರು.

ಗುಡಿಯ ಕತೆ ಹೇಳಿದೆವು. ನಾನು ನೆಲಕ್ಕೆ ಮುಖವಿಟ್ಟು ಹರಸಿದ್ದನ್ನು ಮಲ್ಲಣ್ಣ ಎದ್ದು ನಿಂತು ಅಭಿನಯಿಸಿದ. ಡೇಲ್ ಬಹಳ ನಕ್ಕರು. ಕಣ್ಣೊರೆಸಿಕೊಂಡು, "ನೋಡಿದವರ ಹೆಸರು ಮರೆಯಬೇಡಿ," ಎಂದರು. "ನನ್ನ ಹಳೆಯ ಕ್ಷೌರದವನಿಗೆ ಧನ್ಯವಾದ ಹೇಳಲು ಹೋದೆ. ಅಂಗಡಿಯೂ ಇರಲಿಲ್ಲ, ಅವನೂ ಇರಲಿಲ್ಲ."

ಅಟ್ಲಾಂಟಾ

ಅಟ್ಲಾಂಟಾದಲ್ಲಿ ಕನ್ನಡದವರ ಬೇಸಿಗೆ ಪಿಕ್ನಿಕ್ ಇತ್ತು. ಅಲ್ಲಿ ಮಲ್ಲಣ್ಣನಿಗೆ ನೆಂಟರಿದ್ದರು, ನಮ್ಮನ್ನೂ ಕರೆದೊಯ್ದ. ಕೆರೆಯ ಪಕ್ಕದ ಪಾರ್ಕು, ಛಾವಣಿ ಹಾಕಿದ ಕಟ್ಟೆ. ಒಂದು ಕಡೆ ಬಿಸಿಬೇಳೆಬಾತಿನ ದೊಡ್ಡ ಟ್ರೇಗಳು, ಇನ್ನೊಂದು ಕಡೆ ಸುಟ್ಟ ಜೋಳದ ತೆನೆಗಳು. ಪಿ.ಟಿ. ಮಾಸ್ತರ ಬಂದಿದ್ದಾನೆಂದು ಮಲ್ಲಣ್ಣ ಮೊದಲೇ ಸಾರಿಬಿಟ್ಟಿದ್ದ.

"ಅಂಕಲ್, ಕಿಡ್ಸ್‌ಗೆ ಲೆಮನ್ ಅಂಡ್ ಸ್ಪೂನ್ ಇದೆ. ನೀವೇ ಕಂಡಕ್ಟ್ ಮಾಡ್ಬೇಕು, ಪ್ಲೀಸ್," ಎಂದು ಬೆಂಗಳೂರಿನ ಒಬ್ಬ ತರುಣಿ ಸೀಟಿ ತಂದುಕೊಟ್ಟಳು. ಕೊರಳಿಗೆ ಸೀಟಿ ಬಿದ್ದದ್ದೇ ಹಿಮ್ಮಡಿ ಮರೆತುಹೋಯಿತು. ಮಕ್ಕಳನ್ನು ಗೆರೆಗೆ ನಿಲ್ಲಿಸಿದೆ. ನಿಂಬೆಹಣ್ಣು ಇಲ್ಲಿಯವು, ನಮ್ಮವಕ್ಕಿಂತ ದಪ್ಪ, ಚಮಚದಲ್ಲಿ ಕೂರುವುದಿಲ್ಲ. "ಬೆನ್ನು ನೇರ" ಎಂದರೆ ಯಾರಿಗೂ ಅರ್ಥವಾಗಲಿಲ್ಲ. ಬಾಯಲ್ಲಿ ಚಮಚ ಕಚ್ಚಿಕೊಂಡಿದ್ದ ಒಂದು ಹುಡುಗಿ ಮಾತ್ರ ಕಷ್ಟಪಟ್ಟು ಬೆನ್ನು ನೇರ ಮಾಡಿ ನಿಂಬೆ ಬೀಳಿಸಿದಳು.

ಸೀಟಿಯನ್ನು ಬಾಯಿಗಿಟ್ಟಿದ್ದೆ. ಜೇಬಿನಲ್ಲಿ ಫೋನು ಅಲುಗಿತು. ಡಾಕ್ಟರ್ ಸುಷ್ಮಾ.

"ಅಂಕಲ್, ಕೂತೀರೇನು?"

"ಇಲ್ಲವ್ವ. ಗೆರೆ ಮ್ಯಾಲ ನಿಂತೀನಿ."

"ಯಾವ ಗೆರೆ?"

"ಮಕ್ಕಳ ಓಟ ಐತಿ. ಬಿಟ್ಟ ಮ್ಯಾಲ ಫೋನ್ ಮಾಡಲೇನು?"

"ಮಾಡ್ರಿ," ಎಂದರು. ಆ ಒಂದು ಮಾತಿನಲ್ಲೇ ನನಗೆ ಗೊತ್ತಾಯಿತು. ಒಳ್ಳೆಯ ಸುದ್ದಿಯಿದ್ದಿದ್ದರೆ ಓಟಕ್ಕೆ ಕಾಯುತ್ತಿರಲಿಲ್ಲ.

ಸೀಟಿ ಊದಿದೆ. ಮಕ್ಕಳು ಹೊರಟರು. ಒಬ್ಬೊಬ್ಬರ ನಿಂಬೆಯೂ ಬಿತ್ತು. ಯಾರು ಗೆದ್ದರೆಂದು ನಾನು ನೋಡಲಿಲ್ಲ. ಉದ್ಯೋಗದಲ್ಲಿ ಮೊದಲ ಬಾರಿಗೆ ತೀರ್ಪು ಕೊಡದೆ ಮೈದಾನ ಬಿಟ್ಟೆ. ಕೆರೆಯ ದಡದ ಬೆಂಚಿನಲ್ಲಿ ಕೂತಿದ್ದ ಗಿರಿಜಾಳ ಹತ್ತಿರ ಹೋಗಿ ಕೂತು, ಫೋನಿನ ಸ್ಪೀಕರ್ ಹಾಕಿದೆ.

ಅದು ಮೆಲನೋಮಾವೇ. ಆದರೆ ಚರ್ಮದ ಮೇಲಿನ ಪದರದಲ್ಲೇ ಇದೆ, ಕೆಳಗೆ ಇಳಿದಿಲ್ಲ. ಸುತ್ತಲಿನ ಚರ್ಮ ಸೇರಿಸಿ ಕತ್ತರಿಸಿ ತೆಗೆದರೆ ಸಾಕಾಗುವ ಹಂತ. ಊರಿಗೆ ಹೋಗಿ ಮಾಡಿಸಿಕೊಂಡರೂ ನಡೆಯುತ್ತದೆ, ಬೆಂಗಳೂರಿನ ಒಬ್ಬ ಸರ್ಜನ್ನಿನ ಜೊತೆ ತಾವೇ ಮಾತಾಡುವುದಾಗಿ ಹೇಳಿದರು. ತಡ ಮಾತ್ರ ಬೇಡ.

"ಇನ್ನೂ ಒಂದೆರಡು ವರ್ಷ ಬಿಟ್ಟಿದ್ದರ?" ಗಿರಿಜಾ ಕೇಳಿದಳು.

"ಅದರ ಮಾತು ಬ್ಯಾಡ್ರೀ ಆಂಟಿ. ಬಿಟ್ಟಿಲ್ಲಲಾ."

ಫೋನು ಇಟ್ಟ ಮೇಲೆ ಗಿರಿಜಾ ಸೆರಗಿನ ತುದಿಯಿಂದ ನನ್ನ ಕೆನ್ನೆಯ ಮೇಲೆ ಉಳಿದಿದ್ದ ಬಿಳಿಯನ್ನು ಒರೆಸಿ, ಮತ್ತೆ ತನ್ನ ಚೀಲದಿಂದ ಟ್ಯೂಬು ತೆಗೆದು ಅಲ್ಲೇ ಹಚ್ಚಿದಳು. "ಮುಖಕ್ಕ ಬ್ಯಾಡ ಅಂದಿಲ್ಲಲಾ ಡಾಕ್ಟ್ರು," ಎಂದಳು. ಆ ತರುಣಿ ಹುಡುಕಿಕೊಂಡು ಬಂದಳು. "ಅಂಕಲ್, ವಿನ್ನರ್ ಯಾರು ಅಂತ ಕಿಡ್ಸ್ ಫೈಟ್ ಮಾಡ್ತಿದಾರೆ." ಬೆನ್ನು ನೇರ ಮಾಡಿದ ಹುಡುಗಿಯ ಹೆಸರು ಹೇಳಿದೆ. ಅನ್ಯಾಯದ ತೀರ್ಪು. ಅವಳ ನಿಂಬೆ ಗೆರೆಯಲ್ಲೇ ಬಿದ್ದಿತ್ತು.

ಬಾಗಲಕೋಟೆ

ಟಿಕೆಟು ಬದಲಿಸಿ ಬೇಗ ಬಂದೆವು. ಬೆಂಗಳೂರಿನಲ್ಲಿ ಹಿಮ್ಮಡಿಯ ಆ ಭಾಗ ತೆಗೆದು, ತೊಡೆಯ ಚರ್ಮ ತಂದು ಹೊಲಿದರು. ಈಗ ಕೋಲು ಬೇಕಿಲ್ಲ, ಓಡಲಾರೆ. ತಪಾಸಣೆಗೆ ಹೋಗಿ ಬರುತ್ತೇನೆ, ಇದುವರೆಗೆ ಚೊಕ್ಕವಾಗಿದೆ. ಬಿಳಿ ಕೋಟಿನವನ ವಿಡಿಯೋ ಕಳಿಸಿದ ಗುಂಪುಗಳಿಗೆಲ್ಲ ಅದು ಸುಳ್ಳೆಂದು ಬರೆದೆ. ಒಬ್ಬರು "ಮಾಸ್ತರ ತಲೆಯನ್ನು ಅಮೆರಿಕದವರು ಕೆಡಿಸಿದ್ದಾರೆ" ಎಂದರು. ಉಳಿದವರು ಹೆಬ್ಬೆರಳೆತ್ತಿದರು. ಹಿಂದೆ ವಿಡಿಯೋಗೂ ಅದೇ ಹೆಬ್ಬೆರಳು ಬಂದಿತ್ತು.

ಕಲೆ ಈಗ ಇಲ್ಲ. ಅದು ನನ್ನ ಮೈಮೇಲಿದ್ದಾಗ ನಾನೊಮ್ಮೆಯೂ ನೋಡಲಿಲ್ಲ, ಇನ್ನು ನೋಡಲಾರೆ. ಆದ್ದರಿಂದ ನನ್ನ ಮಾತು ನಂಬದವರು ನೋಡಿದವರನ್ನೇ ಕೇಳಬೇಕು. ಡೇಲ್ ನೋಡಿದ್ದರು. ಅವರ ಕಿವಿಯ ಕ್ಯಾನ್ಸರ್ ಶ್ವಾಸಕೋಶದಲ್ಲಿ ಮತ್ತೆ ಕಾಣಿಸಿಕೊಂಡಿತು, ಮರುವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು ಎಂದು ಮಲ್ಲಣ್ಣ ಫೋನು ಮಾಡಿದ. ಕೊನೆಯ ದಿನಗಳಲ್ಲೂ ಮನೆಯ ಹೊರಗೆ ಕೂರುವ ಮೊದಲು ಕಿವಿಗೆ ಕ್ರೀಮು ಹಚ್ಚಿಕೊಳ್ಳುತ್ತಿದ್ದರಂತೆ.

ಉಳಿದವರು ಇದ್ದಾರೆ. ಕ್ಯಾರಿಯಲ್ಲಿ ಡಾಕ್ಟರ್ ಸುಷ್ಮಾ. ಅದೇ ಊರಲ್ಲಿ, ನಕಾಶೆ ಎಂದ ಮಲ್ಲಣ್ಣ. ಹರ್ನ್‌ಡನ್‌ನಲ್ಲಿ, ಇಂಕ್ ಎಂದ ಅನ್ವಿ. ಎಲ್ಲರಿಗಿಂತ ಮೊದಲು ನೋಡಿದ ಗಿರಿಜಾ ಇಲ್ಲೇ, ಒಳಗೆ ನೀರೊಲೆಯ ಹತ್ತಿರ ಇದ್ದಾಳೆ. ಇಂದು ಭಾನುವಾರ. ಚಾಪೆ ಹಾಸಿ, "ಬರ್ರಿ, ಬೋರಲ ಮಲಗ್ರಿ, ನೋಡೂಣು," ಎಂದು ಕರೆಯುತ್ತಿದ್ದಾಳೆ. ಅವಳು ಏಳಿ ಎನ್ನುವವರೆಗೆ ನಾನು ಏಳುವುದಿಲ್ಲ.